ಬಲೆಯಿಲ್ಲದ ರಿಂಗು

ಕೆಮಿಸ್ಟ್ರಿ ಲ್ಯಾಬಿನ ಹಿಂದೆ ನಮ್ಮ ಕೋರ್ಟು.
ಎಡಮೂಲೆಯಲ್ಲೊಂದು ಬಿರುಕು.
ಅದರ ಮೇಲೆ ಬಿದ್ದ ಚೆಂಡು ಪುಟಿಯುವುದಿಲ್ಲ,
ಬೈಸಿಕೊಂಡ ಹುಡುಗನ ಹಾಗೆ ಪಕ್ಕಕ್ಕೆ ಸರಿಯುತ್ತದೆ.
ಹೊರಗಿನ ತಂಡಗಳಿಗೆ ಇದು ಗೊತ್ತಿರಲಿಲ್ಲ.
ಆ ವರ್ಷ ನಾವು ಗೆದ್ದ ನಾಲ್ಕರಲ್ಲಿ
ಎರಡನ್ನು ಗೆದ್ದದ್ದು ಬಿರುಕೇ.

ರಿಂಗಿಗೆ ಬಲೆಯಿಲ್ಲ.
ಜೂನಿನಲ್ಲಿ ಚಿಕ್ಕಪೇಟೆಯಿಂದ ಒಂದು ತಂದು ಕಟ್ಟಿದ್ದೆವು,
ಎಂ.ಜಿ. ರಸ್ತೆಯವರೆಗೆ ನಡೆದು, ಬಸ್‌ಚಾರ್ಜು ಉಳಿಸಿ.
ಒಂದೇ ವಾರ. ಆಮೇಲೆ ಕಾಗೆ
ದಾರ ದಾರವಾಗಿ ಕಿತ್ತು ನೀಲಗಿರಿ ಮರಕ್ಕೊಯ್ದು
ಸಂಸಾರ ಹೂಡಿತು.
'ಬಿಡ್ರೋ, ಅದಕ್ಕೂ ಸೀಸನ್ನು' ಅಂದರು
ಮುನಿವೆಂಕಟಪ್ಪ ಸರ್.

ಬಲೆಯಿಲ್ಲದ ರಿಂಗಿನಲ್ಲಿ ಚೆಂಡು ಇಳಿದರೂ ಸದ್ದಿಲ್ಲ.
ಒಳಗೋ ಹೊರಗೋ ಎಂದು ಜಗಳ ಬಂದರೆ
ಎಲ್ಲರೂ ನನ್ನತ್ತ ತಿರುಗುವರು.
ನಾನು ಹನ್ನೆರಡನೆಯವ, ಲೆಕ್ಕ ಬರೆಯುವವ.
ಮೊಣಕಾಲ ಮೇಲೆ ಪರೀಕ್ಷೆಯ ರಟ್ಟು,
ಇನ್ನೂರು ಪುಟದ ಉದ್ದ ನೋಟ್‌ಬುಕ್ಕು.
ನಾನು 'ಒಳಗೆ' ಅಂದರೆ ಒಳಗೆ.
ಅಷ್ಟು ಅಧಿಕಾರ ಮತ್ತೆಂದೂ ಸಿಕ್ಕಿಲ್ಲ ನನಗೆ.
ಒಮ್ಮೆ ಸುಳ್ಳು ಹೇಳಿದ್ದೇನೆ, ಸೆಲ್ವಕುಮಾರನಿಗಾಗಿ.
ಅವತ್ತು ಅವನಪ್ಪ ಬಂದಿದ್ದರು,
ಗೇಟಿನಾಚೆ ಆಟೋ ನಿಲ್ಲಿಸಿ
ಮೀಟರಿನ ಮೇಲೆ ಟವೆಲ್ಲು ಹಾಕಿ.

ಬರೆದದ್ದು ಈಗಲೂ ಇದೆ.
ಇಮ್ದಾದ್: ಐದು ಫೌಲು, ಐದು, ನಾಲ್ಕು, ಐದು.
ಎದುರಾಳಿ ಬಿದ್ದರೆ ತಾನೇ ಎತ್ತಿ ಅಂಗಿ ಕೊಡವುವನು,
ಆಮೇಲೆ ಮತ್ತೆ ಕೆಡವುವನು.
ಚಳ್ಳಕೆರೆಯ ತಿಪ್ಪೇಶ, ಆರಡಿ ಮೂರಂಗುಲ,
ಹಾಸ್ಟೆಲಿನಲ್ಲಿ ಮುದ್ದೆ ಮಾಡದ ದಿನ
ಎರಡಂಗುಲ ಕಮ್ಮಿ ನೆಗೆಯುತ್ತಾನೆ.
ಇದನ್ನು ಅಂಚಿನಲ್ಲಿ, ಪೆನ್ಸಿಲಿನಲ್ಲಿ ಬರೆದಿದ್ದೇನೆ;
ಮೂರು ಸಲ ತಾಳೆಯಾಯಿತು.

ಸೆಪ್ಟೆಂಬರ್ ಹದಿನೆಂಟು. ಮಳೆ.
ನಲವತ್ತೊಂದು, ನಲವತ್ತಮೂರಕ್ಕೆ ನಿಂತ ಆಟ.
ಹಳೇ ಫ್ಲೆಕ್ಸು ಮಡಿಸಿ ಎರಡೂ ತಂಡದವರು ನೀರು ನೂಕಿದೆವು,
ಜಾರಿ ಬಿದ್ದವರಿಗೆಲ್ಲ ನಗು.
ಆಮೇಲೆ ಸೋತೆವು.
ಆ ಪುಟದಲ್ಲಿ ಇಂಕು ಹರಡಿದೆ,
ಮುಂದಿದ್ದವರು ಯಾರೆಂದು ಕಾಣುವುದಿಲ್ಲ.

ನವೆಂಬರಿನ ಕೊನೆಯ ಪಂದ್ಯ ಕಂಠೀರವದ ಸೂರಿನಡಿ.
ಮರದ ನೆಲ. ಬೂಟುಗಳು ಕೋಳಿಮರಿಗಳಂತೆ ಕಿಚಗುಟ್ಟಿದವು.
ಬಿರುಕಿಗಾಗಿ ಕಣ್ಣಾಡಿಸಿದೆವು. ಇರಲಿಲ್ಲ.
ಆಟಕ್ಕೆ ಮುಂಚೆ ಸೆಲ್ವ ಸುಮ್ಮನೆ ಎಸೆದ ಚೆಂಡು
ಬಲೆಯ ನಡುವೆ ಇಳಿಯಿತು.
ಒಣಗಿದ ಪಂಚೆ ಒದರಿದ ಹಾಗೆ ಒಂದು ಸದ್ದು.
ಎಲ್ಲರೂ ನಿಂತುಬಿಟ್ಟರು.
ಸೆಲ್ವ, ರೂಢಿಯಂತೆ, ನನ್ನತ್ತ ನೋಡಿದ.
ನಾನು ಹೇಳಬೇಕಾದ್ದೇನೂ ಉಳಿದಿರಲಿಲ್ಲ.

ಇಪ್ಪತ್ತೆರಡು ಹಿಂದೆ. ನಲವತ್ತು ಸೆಕೆಂಡು ಬಾಕಿ.
ಇಮ್ದಾದ್ ಐದನೆಯದು ಮಾಡಿ,
ಎತ್ತಿ, ಕೊಡವಿ, ಬಂದು ಕೂತ.
'ಏ ರಾಜ, ಎದ್ದೇಳು' ಅಂದರು ಸರ್.
ನೋಟ್‌ಬುಕ್ಕು ಯಾರಿಗೆ ಕೊಡಲೆಂದು ತಡಕಾಡಿದೆ,
ಅವರೇ ಕಿತ್ತುಕೊಂಡರು.
ಒಮ್ಮೆ ಬಂತು ಚೆಂಡು. ಬಿಸಿಯಿತ್ತು, ಹತ್ತು ಕೈಗಳ ಬಿಸಿ.
ಬಂದಷ್ಟೇ ಬೇಗ ತಿಪ್ಪೇಶನಿಗೆ ಕೊಟ್ಟೆ.
ಅವನೆಸೆದ. ಕಬ್ಬಿಣಕ್ಕೆ ತಾಗಿತು. ಗಂಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಪುಟ ತೆರೆದೆ.
ಇಪ್ಪತ್ತೆಂಟು ವರ್ಷ ಕಾರ್ಖಾನೆಯ ಹಾಜರಿ ಬರೆದ ಕೈಯ
ದಪ್ಪ ಅಕ್ಷರ: ಎತಿರಾಜ. ನಲವತ್ತು ಸೆಕೆಂಡು. ಸೊನ್ನೆ.
ನಾನು ಯತಿರಾಜ.
ತಿದ್ದೋಣವೆಂದು ಪೆನ್ನು ತೆಗೆದೆ,
ಹಲಸೂರು ಕೆರೆ ದಾಟಿದರೂ ಮುಚ್ಚಳ ಬಾಯಲ್ಲೇ ಇತ್ತು.

ಸೊನ್ನೆಯ ಪಕ್ಕ, ಅಡ್ಡಾದಿಡ್ಡಿ,
ತಾವೇ ಒಂದು ಗೆರೆ ಎಳೆದು ಹೊಸ ಮನೆ ಮಾಡಿದ್ದರು.
ತಲೆಯ ಮೇಲೆ 'ಪಾಸು'.
ಕೆಳಗೆ 'ಒಂದು'.
ವರ್ಷವಿಡೀ ನಾನು ಬರೆದ ಲೆಕ್ಕದಲ್ಲಿ
ಆ ಮನೆಯೇ ಇರಲಿಲ್ಲ.