ಕೆನ್ನೆಯ ಗೆರೆ

ಎಡಗಿವಿ ಕೇಳಿಸುವುದಿಲ್ಲ, ಬಲಕ್ಕೆ ಬಂದು ಕೂರು.
ಮೂವತ್ತು ವರ್ಷ ಈ ಟಂಕಸಾಲೆಯಲ್ಲಿ ಸುತ್ತಿಗೆ ಬೀಸಿದವನು,
ಬಿಥಿಸ್, ಥ್ರೇಸಿನವನು.
ನನ್ನನ್ನು ಕೊಂಡವರು ಎಷ್ಟು ಬೆಳ್ಳಿ ಎಣಿಸಿದರೋ ತಿಳಿಯದು,
ಆಮೇಲೆ ಎಣಿಸಿದ್ದೆಲ್ಲ ನಾನೇ.

ಪಂಗಾಯೋನ್ ಬೆಟ್ಟದ ಹೊಟ್ಟೆ ಬಗೆದು
ಹೇಸರಗತ್ತೆಯ ಮೇಲೆ ಅದಿರು ಬರುತ್ತದೆ.
ಕುಲುಮೆ, ಸೀಸದ ಹೊಗೆ, ತಕ್ಕಡಿ,
ಆಮೇಲೆ ಕೆಂಪಗೆ ಕಾದ ಬಿಲ್ಲೆ.
ಇಕ್ಕಳದ ಹುಡುಗ ಇಟ್ಟು ಕೈ ತೆಗೆಯುವಷ್ಟರಲ್ಲಿ ಏಟು ಬೀಳಬೇಕು;
ತಡವಾದರೆ ಬೆಳ್ಳಿ ಆರಿತು,
ಬೇಗನಾದರೆ ಬೆರಳು ಹೋಯಿತು.
ನಿನ್ನವು ಹತ್ತೂ ಇವೆಯಲ್ಲ, ನೋಡಿಕೋ.

ಅಡಿಯಚ್ಚಿನಲ್ಲಿ ಅರಸ, ಮೊದ್ದಿನೊಳಗೆ ಭದ್ರ.
ಮೇಲಚ್ಚಿನಲ್ಲಿ ಹದ್ದು ಹಿಡಿದು ಕೂತ ದೇವರು.
ಏಟು ತಿನ್ನುವವನು ದೇವರೇ.
ದಿನಕ್ಕೆ ಸಾವಿರ ಸಲ ಅವನ ನೆತ್ತಿಗೆ ಹೊಡೆದಿದ್ದೇನೆ,
ಪಾಪ ಎಂದವರಿಲ್ಲ.

ಅಚ್ಚು ಕೊರೆದವನು ಮೊಸ್ಖಿಯೋನ್.
ಅರಸನನ್ನು ಅವನು ಕಂಡದ್ದು ಒಂದೇ ಸಲ:
ಕುದುರೆ, ಶಿರಸ್ತ್ರಾಣ, ಮಿಕ್ಕದ್ದು ಧೂಳು.
ಹಾಗಾಗಿ ಮೂಗು, ಸಂತೆಯ ಮೀನು ಮಾರುವವನದು.
ಕತ್ತು, ಕೆನ್ನೆ, ಅವನ ಮಗನದು,
ಕುಸ್ತಿ ಕಲಿಯುತ್ತಿದ್ದ ಹುಡುಗ,
ಸ್ತ್ರಿಮೋನ್ ಹೊಳೆ ಒಯ್ದಿತು, ಹೆಣವನ್ನೂ ಕೊಡಲಿಲ್ಲ.
ಕಣ್ಣು ಮಾತ್ರ ಉಳಿದಿತ್ತು.
'ಅರಸರ ಕಣ್ಣು ಹೇಗಿರುತ್ತದೋ?' ಎಂದ.
'ಮೇಲೆ ನೋಡುತ್ತಿರುತ್ತದೆ, ನಮ್ಮನ್ನಲ್ಲ' ಎಂದೆ.
ಹಾಗೇ ಕೊರೆದ.

ಆ ಚಳಿಗಾಲ ಅಚ್ಚು ಬಿರಿಯಿತು.
ಕಣ್ಣ ಕೊನೆಯಿಂದ ಗದ್ದದವರೆಗೆ ಕೂದಲಷ್ಟು ಸೀಳು.
ಸೈನ್ಯದ ಸಂಬಳ ಬಾಕಿ, ಹೊಸ ಅಚ್ಚಿಗೆ ವೇಳೆಯೆಲ್ಲಿ?
ಹೊಡೆಯುತ್ತಲೇ ಹೋದೆವು.
ಅಚ್ಚಿನ ಸೀಳು ನಾಣ್ಯದಲ್ಲಿ ಏಳುವ ಗೆರೆ,
ಮಾಗಿದ ಗಾಯದ ಹಾಗೆ.

ಮರುವರ್ಷ ಹೆಂಡದಂಗಡಿಯಲ್ಲಿ ಒಬ್ಬ ಮುದಿ ಸಿಪಾಯಿ
ಆ ಕತ್ತಿಯೇಟು ಬಿದ್ದಾಗ ಮೂರೇ ಹೆಜ್ಜೆ ದೂರ ನಿಂತಿದ್ದೆನೆಂದ.
ಹೇಗೆ ಬಿತ್ತೆಂದು ಕೈಯೋರೆ ಮಾಡಿ ತೋರಿಸಿದ.
ರಕ್ತ ಸುರಿದರೂ ಅರಸ ಕಮಕ್ ಕಿಮಕ್ ಅನ್ನಲಿಲ್ಲವಂತೆ.
ಅವನಿಗೆ ನಾನೇ ಕುಡಿಸಿದೆ,
ಅದೇ ನಾಣ್ಯ ಕೊಟ್ಟು.

ಆಮೇಲೆ ಅರಮನೆಯವರು ಬಂದರು.
ಚರ್ಮ ಸುಲಿಯುತ್ತಾರೆಂದು ನಾವು ಸಾಲಾಗಿ ನಿಂತೆವು.
ಸುಲಿಯಲಿಲ್ಲ. ಅರಸರಿಗೆ ಗೆರೆ ಅಚ್ಚುಮೆಚ್ಚಾಗಿದೆಯಂತೆ,
ಹೊಸ ಅಚ್ಚಿನಲ್ಲೂ ಇರಲಿ ಎಂದರು.

ಮೊಸ್ಖಿಯೋನ್ ಉಳಿ ಹಿಡಿದ.
ಬಿರಿದದ್ದು ಬೇರೆ, ಕೊಯ್ಯುವುದು ಬೇರೆ.
ಕಣ್ಣ ಕೊನೆಯಿಂದ ಗದ್ದದವರೆಗೆ,
ತಾನೇ, ಆ ಕೆನ್ನೆಯ ಮೇಲೆ.
ಆ ರಾತ್ರಿ ಅವನ ರೊಟ್ಟಿ ನಾಯಿ ತಿಂದಿತು.

ಈಗ ಅವನಿಲ್ಲ. ಆ ಅರಸನೂ ಇಲ್ಲ.
ಹೊಸಬನ ಮುಖ ಯಾರ ಮುಖವೋ, ನಾನು ಕೇಳಿಲ್ಲ.
ಹಳೆಯವೆಲ್ಲ ಮೂಷೆಗೆ ಬರುತ್ತಿವೆ:
ದೂರದ ಚಿನಿವಾರರು ಕಳ್ಳಬೆಳ್ಳಿಯೇನೋ ಎಂದು
ಕುತ್ತಿಗೆಗೆ ಚಾಣ ಇಟ್ಟು ನೋಡಿದಂಥವು,
ಮೂಗು ಸವೆದು ಹೆಸರು ಅಳಿಸಿದಂಥವು.
ನಿನ್ನೆ ಒಂದು ಬಂತು. ಹೆಬ್ಬೆರಳಾಡಿಸಿದೆ,
ಗೆರೆ ಇನ್ನೂ ತಡೆಯುತ್ತದೆ.

ನಿನ್ನೆಯ ಎಣಿಕೆಯಲ್ಲಿ ಒಂದು ಕಡಿಮೆ. ಬಾಯಿ ಬಿಡಬೇಡ.
ನಾನು ಸತ್ತಾಗ ನಾಲಿಗೆಯಡಿ ಕಾಸಿಡುತ್ತೀರಲ್ಲ,
ಇದನ್ನೇ ಇಡು.
ದೋಣಿಯವನಿಗೆ ಇಷ್ಟು ಹೆಚ್ಚಾಯಿತೆಂದು ಬಲ್ಲೆ.
ಇಬ್ಬರ ಬಾಡಿಗೆ ಎನ್ನುತ್ತೇನೆ.
ಕಾಸಿಲ್ಲದೆ ಈಚೆ ದಡದಲ್ಲೇ
ಒಬ್ಬ ಹುಡುಗ ನಿಂತಿರುತ್ತಾನೆ,
ಕೆನ್ನೆಯಲ್ಲಿ ಗಾಯ ಯಾಕೆಂದು ತಿಳಿಯದೆ.

ಏಳು, ಇಕ್ಕಳ ತಗೋ.
ಬಿಲ್ಲೆ ಕೆಂಪಾಯಿತು.