ಬಿ ಸೈಡಿನಲ್ಲಿ ಉಳಿದದ್ದು

ಬೈತಖೋಲದ ದಕ್ಕೆಗೆ ಇಳಿಯುವ ತಿರುವಿನಲ್ಲಿ
ಐಸ್ ಫ್ಯಾಕ್ಟರಿಗೆ ಬೆನ್ನು ಕೊಟ್ಟು ನಿಂತ ಅಂಗಡಿ.
ಈಗ ನಾನಲ್ಲಿ ಮೊಬೈಲಿನ ಕವರು ಮಾರುತ್ತೇನೆ,
ಗಾಜು ಅಂಟಿಸುತ್ತೇನೆ, ಗುಳ್ಳೆ ಏಳದ ಹಾಗೆ.
ಆಗ ಇನಾಸ್ ಮಾಮ ಹಾಡು ತುಂಬಿಸುತ್ತಿದ್ದ.

ತುಂಬಿಸುವುದು, ಹಾಗೇ ಅನ್ನುತ್ತಿದ್ದೆವು,
ಬೋಟಿಗೆ ಡೀಸೆಲ್ ತುಂಬಿಸಿದ ಹಾಗೆ.
ಚೀಟಿ ಬರೆದು ತರುತ್ತಿದ್ದರು: ಹತ್ತು ಹಾಡು,
ಒಂಬತ್ತರ ಹೆಸರು ಗೊತ್ತು, ಹತ್ತನೆಯದು
‘ಅವಳು ಸಿಟ್ಟಿನಲ್ಲಿ ಛತ್ರಿ ಬಿಸಾಡುವುದು’.
ಮಾಮ ಅದನ್ನೂ ಹುಡುಕುತ್ತಿದ್ದ.
ಗುರುವಾರ ಕೊಟ್ಟರೆ ರವಿವಾರ ಸಂತೆಗೆ ಬಂದಾಗ ಸಿಗುವುದು.
ಹದಿನೆಂಟು ರೂಪಾಯಿ. ಕ್ಯಾಸೆಟ್ ನಿಮ್ಮದಾದರೆ ಎಂಟು.

ಲೆಕ್ಕ ಎಷ್ಟು ಹಾಕಿದರೂ ಬಿ ಸೈಡಿನ ತುದಿಯಲ್ಲಿ
ಎರಡೂವರೆ, ಮೂರು ನಿಮಿಷ ಉಳಿಯುತ್ತಿತ್ತು.
ಇನ್ನೊಂದು ಹಾಡಿಗೆ ಸಾಲದು, ಖಾಲಿ ಬಿಡಲು ಮನಸ್ಸಿಲ್ಲ.
ಆಗ ಮಾಮ ಷಟರ್ ಅರ್ಧ ಎಳೆದು
‘ಸುಲೂ, ಫ್ಯಾನ್ ಬಂದ್ ಮಾಡು’ ಅಂದು
ಜೇಬಿನಿಂದ ಮೌತ್ ಆರ್ಗನ್ ತೆಗೆಯುತ್ತಿದ್ದ.
ಹೆಸರಿಲ್ಲದ ಒಂದು ಧಾಟಿ. ಕೊನೆಗೆ ಕೆಮ್ಮು.
ಕೆಂಪು ಗುಂಡಿ ಕಟಕ್ಕೆಂದು ಮೇಲೇಳುವುದು.

ಗಿರಾಕಿಗಳಿಗೆ ಹೇಳುತ್ತಿರಲಿಲ್ಲ. ಅವರೂ ಕೇಳಲಿಲ್ಲ.
ಒಬ್ಬಳು ಮಾತ್ರ, ಕೋಡಿಬಾಗದ ಟೀಚರು,
ಕ್ಯಾಸೆಟ್ ವಾಪಸ್ ತಂದು ಮೇಜಿನ ಮೇಲಿಟ್ಟು,
‘ಕೊನೆಯದು ಯಾವ ಸಿನಿಮಾದ್ದು?’
‘ಇನ್ನೂ ಬಂದಿಲ್ಲ ಬಾಯೀ,’ ಅಂದ ಮಾಮ.

ಸೀಡಿ ಬಂತು. ಅದರಲ್ಲಿ ತುದಿಯೇ ಇರಲಿಲ್ಲ.
ಮೆಮರಿ ಕಾರ್ಡ್ ಬಂತು. ಉಗುರಿನಷ್ಟು ಪ್ಲಾಸ್ಟಿಕ್ಕಿಗೆ
ಎಂಟುನೂರು ಹಾಡು, ಐವತ್ತು ರೂಪಾಯಿ.
ಯಾವುದು ಬೇಕು ಅಂದರೆ ‘ಎಲ್ಲಾ ಹಾಕು’ ಅನ್ನುವರು.
ಮಾಮ ಹಳೆಯದೊಂದನ್ನು ಕಂಪ್ಯೂಟರಿಗೆ ಇಳಿಸಿ
ಎಂಟುನೂರರ ನಡುವೆ ತನ್ನದನ್ನೂ ಸೇರಿಸಿದ,
ತಾರ್ಲೆಯ ಬುಟ್ಟಿಯೊಳಗೆ ಒಂದು ಏಡಿ ಬಿಟ್ಟ ಹಾಗೆ.
ನಲವತ್ತೇಳನೆಯ ನಂಬರು. ಹೆಸರು ಕೊಡಲಿಲ್ಲ.

ಊರಿಗೆಲ್ಲ ನೆಟ್ಟು ಪುಕ್ಕಟೆಯಾದ ವರ್ಷ ಅವನು ಹೋದ.
ಕಂಪ್ಯೂಟರು ಉಪ್ಪುಗಾಳಿಗೆ ಸತ್ತಿತು, ಕ್ಯಾಸೆಟ್ಟಿಗೆ ಬೂಷ್ಟು.
ವಹಿಯಲ್ಲಿ ಅವನ ಅಕ್ಷರ ಇನ್ನೂ ಇದೆ:
‘ಬಿಣಗಾದ ಪುರ್ಸು, ಎರಡು ಕ್ಯಾಸೆಟ್, ಬಾಕಿ.’

ನಾನೂ ಈಗ ತಿಂಗಳಿಗಿಷ್ಟೆಂದು ಕಟ್ಟುತ್ತೇನೆ.
ಕೇಳಿದ್ದು ಬರುತ್ತದೆ, ಕೇಳದ್ದೂ ಬರುತ್ತದೆ,
ಕಟ್ಟದಿದ್ದರೆ ಎಲ್ಲ ಹಾಡಿಗೂ ಬೀಗ.
ಒಂದು ದಿನ ಮಾಮನ ಧಾಟಿಯನ್ನು ಫೋನಿಗೆ ಗುನುಗಿ ಕೇಳಿದೆ.
ನಾಲ್ಕು ಹಾಡು ತೋರಿಸಿತು. ನಾಲ್ಕೂ ಅಲ್ಲ.

ಮೊನ್ನೆ ಬೋಟಿನ ರಜೆ ಮುಗಿದು, ನಾಳೆ ಕಡಲಿಗೆ ಅನ್ನುವ ಸಂಜೆ,
ಪರ್ಸೀನಿನ ಹುಡುಗನೊಬ್ಬ ಗಾಜು ಹಾಕಿಸಲು ಬಂದ.
ಒಡಿಶಾದ ಕಡೆಯವನು, ತ್ರಿನಾಥ.
ಅರ್ಧ ಹಿಂದಿ, ಅರ್ಧ ಇಲ್ಲೇ ಕಲಿತ ಕೊಂಕಣಿ.
ದೇವಗಡದ ದೀಪ ದಾಟಿ ಹೋದರೆ ಸಿಗ್ನಲ್ ಇಲ್ಲ,
ಫೋನಿನಿಂದ ಫೋನಿಗೆ ಕೊಟ್ಟು ಕೊಂಡದ್ದೇ ಅವರ ಹಾಡು.
ಸ್ಪೀಕರಿಗೆ ಗಮ್ ಹತ್ತಿತೇನೋ ಅಂತ ಒತ್ತಿ ನೋಡಿದ.
ಮೊದಲು ಫ್ಯಾನ್ ಬಂದ್ ಮಾಡಿದ ಕೋಣೆಯ ಮೌನ.
ಆಮೇಲೆ ಮಾಮ.

‘ಎಲ್ಲಿ ಸಿಕ್ಕಿತು?’
‘ಮಲ್ಪೆಯಲ್ಲಿ ಒಬ್ಬ ಕೊಟ್ಟ. ಅವನಿಗೆ ರತ್ನಾಗಿರಿಯ ತಾಂಡೇಲ.
ಬಲೆ ಎಳೆದು ಮುಗಿದ ಮೇಲೆ ಇದನ್ನು ಹಾಕುತ್ತೇವೆ.
ಕೊನೆಗೆ ಅವನು ಕೆಮ್ಮುತ್ತಾನಲ್ಲ,
ಆಗ ನಾವೆಲ್ಲರೂ ಕೆಮ್ಮುತ್ತೇವೆ.’

ಕಳಿಸು ಅಂದೆ. ಎರಡು ಫೋನು ಮೇಜಿನ ಮೇಲೆ
ತಲೆಗೆ ತಲೆ ತಾಗಿಸಿ ಮಲಗಿದವು.
ಅವನ ಪರದೆಯಲ್ಲಿ ನನ್ನ ಹೆಸರು, ನನ್ನದರಲ್ಲಿ ಅವನದು.
ಒಪ್ಪಿಗೆಯೇ ಎಂದು ಕೇಳಿತು. ಒಪ್ಪಿದೆವು.

ಗಾಜಿನ ನೂರು ರೂಪಾಯಿ ಬೇಡ ಅಂದೆ.
ಚಿಲ್ಲರೆ ಇಲ್ಲವೇನೋ ಅಂದುಕೊಂಡು ಆ ಹುಡುಗ
ಸ್ಕ್ಯಾನ್ ಮಾಡುವ ಚೀಟಿ ಎಲ್ಲಿದೆ ಎಂದು
ಗೋಡೆಯ ತುಂಬ ಹುಡುಕುತ್ತಿದ್ದ.