ಸಾವಿರದಿನ್ನೂರು ಚುಕ್ಕೆ

ಅರಸೀಕೆರೆ ಬಿ.ಎಚ್. ರಸ್ತೆಯಲ್ಲಿ ನನ್ನ ಅಂಗಡಿ:
ಸುಟ್ಟ ಮೋಟರಿಗೆ ಹೊಸ ತಾಮ್ರ ಸುತ್ತುವುದು.
ಮೂವತ್ತೊಂದು ವರ್ಷ ಈ ಬೆರಳೇ ನನ್ನ ಮೀಟರು.
ಓಡುವ ಮೋಟರಿನ ಬೆನ್ನಿಗೆ ಕೈಯಿಟ್ಟರೆ ಸಾಕು
ಬೇರಿಂಗು ಒಣಗಿದೆಯೋ, ಕಾಯಿಲು ಕೂತಿದೆಯೋ,
ಮಗುವಿನ ಹಣೆ ಮುಟ್ಟಿ ಹೇಳಿದಷ್ಟು ಸಲೀಸು.

ಸಕ್ಕರೆ ಕಾಯಿಲೆ ತುದಿಯಿಂದ ತಿನ್ನತೊಡಗಿತು.
ಮೊದಲು ಜೋಮು, ಆಮೇಲೆ ಅದೂ ಇಲ್ಲ.
ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂದು
ವಾರ್ನಿಶ್ ಇರಬೇಕೆಂದು ಅಂಗಡಿಯೆಲ್ಲ ಹುಡುಕಿದೆ;
ಬೆಸುಗೆ ಕಡ್ಡಿಗೆ ಒರಗಿದ್ದುದು ನನ್ನ ಹೆಬ್ಬೆರಳು.

"ಕಣ್ಣಿಗೆ ಕಾಣೋ ಹಾಗೆ ಮಾಡೋಣ, ಆಚಾರ್ರೇ," ಅಂದಳು
ಐಟಿಐ ಮುಗಿಸಿ ಕೆಲಸ ಕಲಿಯಲು ಬರುವ ಮುಬೀನಾ.

ಬೇಕಾದದ್ದು ಬಹಳವಿಲ್ಲ.
ಕಡಲೆಕಾಳಿನಷ್ಟು ಲೋಹದ ಡಬ್ಬಿ, ಅದಕ್ಕೆ ನಾಲ್ಕು ಕಾಲು,
ಮುಟ್ಟದೆ ಬಿಸಿ ಹೇಳುವುದು ಅದರ ಕಸುಬು.
ಆಟಿಕೆ ವಿಮಾನದ ರೆಕ್ಕೆ ಅಲ್ಲಾಡಿಸುವ ಮೋಟರು ಎರಡು:
ಒಂದು, ಇಲ್ಲ ಇಲ್ಲ ಎಂದು ಕತ್ತು ತಿರುಗಿಸಲು,
ಇನ್ನೊಂದು, ಹೌದೆಂದು ತಲೆ ಬಾಗಿಸಲು.
ನೋಟ ಕಿರಿದಾಗಲಿ ಅಂತ ಪೆನ್ನಿನ ಕೊಳವೆ.
ನನ್ನ ಹಳೆಯ ಊಟದ ಡಬ್ಬಿಯೇ ಮೈ.

ದೂಳು ಕೂರದಿರಲೆಂದು ಮುಂದೆ ಗಾಜಿಟ್ಟೆವು.
ಎತ್ತ ತಿರುಗಿಸಿದರೂ ಒಂದೇ ಬಿಸಿ.
ಗಾಜು ಬೆಳಕನ್ನು ಬಿಡುತ್ತದೆ, ಮೈಯ ಕಾವನ್ನಲ್ಲ;
ತನ್ನದನ್ನೇ ಹೇಳಿಕೊಂಡು ನಿಂತಿರುತ್ತದೆ.
ಕೊತ್ತಂಬರಿ ಸೊಪ್ಪು ಬಂದಿದ್ದ ತೆಳು ಕವರು,
ಮುಟ್ಟಿದರೆ ಚರಚರ ಅನ್ನುವಂಥದು,
ಕತ್ತರಿಸಿ ಬಿಗಿದರೆ ದಾರಿ ಬಿಟ್ಟಿತು.
ಹೊಳೆವ ತಾಮ್ರದ್ದು ಬೇರೆ ರಗಳೆ: ಕುದಿಯುತ್ತಿದ್ದರೂ
ತಣ್ಣಗಿದ್ದೇನೆಂದು ಸುಳ್ಳಾಡುತ್ತದೆ,
ಒಂದು ತುಂಡು ಕಪ್ಪು ಟೇಪು ಅಂಟಿಸಿ ಕೇಳಬೇಕು.

ಬಣ್ಣ ಯಾವುದು ಹಾಕಲಿ ಎಂದಳು.
ಕುಲುಮೆಯ ಮುಂದೆ ತಾತ ಹೇಳುತ್ತಿದ್ದುದನ್ನೇ ಹೇಳಿದೆ:
ಇದ್ದಿಲು. ನೇರಳೆ. ಕೋಳಿಜುಟ್ಟು. ತಂಗಡಿ ಹೂ.
ಕೊನೆಗೆ ಕೊಬ್ಬರಿಯ ಬಿಳುಪು,
"ಅಲ್ಲಿಗೆ ಮುಟ್ಟೋ ಮುಂಚೆ ತೆಗಿ, ಕಬ್ಬಿಣ ಸಾಯುತ್ತೆ."
ಮುಬೀನಾ ಒಂದೊಂದಕ್ಕೂ ಒಂದು ಅಂಕಿ ಬರೆದಳು.

ಅಡ್ಡಕ್ಕೆ ನಲವತ್ತು ಮನೆ, ಉದ್ದಕ್ಕೆ ಮೂವತ್ತು,
ಸೆಕೆಂಡಿಗೆ ಹತ್ತು ಚುಕ್ಕೆ, ಚಿತ್ರಕ್ಕೆ ಎರಡು ನಿಮಿಷ.
ಮೊದಲು ಸಿಕ್ಕ ಬೆಕ್ಕು ನಡುವೆ ಎದ್ದು ಹೋಗಿ
ಎರಡು ಕಿವಿ ಬಂತು, ಬೆಕ್ಕು ಬರಲಿಲ್ಲ.
ರಾತ್ರಿ ಒಂಬತ್ತಕ್ಕೆ ತಾರಸಿ ಹತ್ತಿ
ಮಾಲೇಕಲ್ಲು ಬೆಟ್ಟದ ಕಡೆ ಹಿಡಿದೆವು:
ಸುತ್ತಲೂ ಇದ್ದಿಲು,
ಬಂಡೆ ಮಾತ್ರ ಇನ್ನೂ ಹಗಲನ್ನು ಬಿಟ್ಟಿರಲಿಲ್ಲ.

ಟೀ ತಂದ ಸರ್ವಮಂಗಳೆ ನಿಂತು ನೋಡಿದಳು.
"ನನ್ನ ಮಂಡಿಗೂ ಒಂದ್ಸಲ ಹಿಡೀರಿ," ಅಂದಳು, ತಮಾಷೆಗೋ ಏನೋ.
ಸ್ಟೂಲಿನ ಮೇಲೆ ಕೂತು ಸೀರೆ ಮೇಲೆ ಸರಿಸಿದಳು.
ಮುಬೀನಾ ಷಟರು ಅರ್ಧ ಎಳೆದಳು.
ಡಬ್ಬಿ ಇಲ್ಲ ಇಲ್ಲ ಎನ್ನುತ್ತ
ಸಾಲು ಸಾಲಾಗಿ ಇಳಿಯಿತು.
ಬಲಮಂಡಿ ನೇರಳೆ.
ಎಡದ್ದು ಕೋಳಿಜುಟ್ಟು, ಅದರ ನಡುವೆ ತಂಗಡಿ ಹೂ.

ಎಷ್ಟು ವರ್ಷದಿಂದ ಹೇಳುತ್ತಿದ್ದಳು,
ಮೆಟ್ಟಿಲು ಹತ್ತುವಾಗ, ಹಾಸಿಗೆ ಮಡಿಸುವಾಗ.
ವಯಸ್ಸಾಯ್ತಲ್ಲ, ಎಣ್ಣೆ ಹಚ್ಚು ಅನ್ನುತ್ತಿದ್ದೆ.
ಊರವರ ಯಾವ ಮೋಟರಿಗೂ
ಮುಟ್ಟಿ ನೋಡದೆ ಹಾಗೆ ಹೇಳಿದವನಲ್ಲ.
ಬೆರಳು ನೆಟ್ಟಗಿದ್ದ ಅಷ್ಟು ಕಾಲ
ಒಂದು ದಿನವೂ ಅಲ್ಲಿ ಕೈಯಿಟ್ಟಿರಲಿಲ್ಲ.

ಈಗ ಇಟ್ಟೆ. ನನಗೇನೂ ತಿಳಿಯಲಿಲ್ಲ.
ಪರದೆಯಲ್ಲಿ ಎರಡನೇ ಸುತ್ತು ನಡೆದಿತ್ತು;
ಕೆಂಪಿನ ಮೇಲೆ ಐದು ಇದ್ದಿಲ ಗೆರೆ
ಚುಕ್ಕೆ ಚುಕ್ಕೆಯಾಗಿ ಮೂಡುತ್ತಿದ್ದವು.
ತೆಗೆಯಲು ಹೋದೆ.
"ತಣ್ಣಗಿದೆ, ಇರಲಿ," ಅಂದಳು.
ಮುಬೀನಾ ಈ ಕಡೆ ತಿರುಗದೆ ಅಂದಳು:
"ಅಲ್ಲಾಡಬೇಡಿ ಆಚಾರ್ರೇ, ಇನ್ನೂ ಆರುನೂರಿದೆ."